ಅದೇ ಜಾಗದಲ್ಲಿ ನಿಂತ ಹಾಡು

“ಯಜಮಾನ್ರೇ, ಒಂದ್ನಿಮಿಷ ನಿಲ್ಸಿ,” ಎಂದು ಗಾಜಿನ ಆಚೆಯಿಂದ ರೆಕಾರ್ಡಿಂಗ್ ಹುಡುಗಿ ಕೈಯೆತ್ತಿದಳು. “ಇದು ಆ ದೊಡ್ಡ ಗಾಯಕರ ಹಾಡಲ್ವಾ? ಮಾತು ಮಾತ್ರ ಬೇರೆ ಹಾಕಿದೀರ.”

ನಿವೃತ್ತ ನೇಕಾರನ ಮುಖ ಕೆಂಪಾಯಿತು. ಹೆಂಡತಿ ಮಕ್ಕಳೆಂಬ ತಾಪತ್ರಯ ಕಟ್ಟಿಕೊಳ್ಳದೆ, ಗಿರಣಿಯ ಪಾಳಿ ಮುಗಿಸಿ ಬಂದು ಒಂಟಿ ಕೋಣೆಯಲ್ಲಿ ಗಿಟಾರ್ ತಬ್ಬಿಕೊಂಡು ಜೀವಮಾನವೆಲ್ಲ ಹಾಡು ಕಟ್ಟಿದವನು. ಅವನ್ನು ಕೇಳಿದವರು ಯಾರೂ ಇಲ್ಲ. ಸಾಯುವ ಮೊದಲು ಒಂದಾದರೂ ತನ್ನ ಹೆಸರಿನಲ್ಲಿ ಉಳಿಯಲಿ ಎಂದು ಇವತ್ತು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

“ನನ್ನದೇ ಕಣಮ್ಮಾ. ಅವರ ಹಾಡು ನಾನು ಕೇಳೇ ಇಲ್ಲ.”

ಅದು ಸುಳ್ಳಲ್ಲ. ತನ್ನದೇ ವಯಸ್ಸಿನವನೊಬ್ಬ ಹೆಸರು ಮಾಡಿದನೆಂಬ ಹೊಟ್ಟೆಯುರಿಗೆ ರೇಡಿಯೋವನ್ನೇ ಮಾರಿಬಿಟ್ಟ ಆಸಾಮಿ ಆತ. ಬೀದಿಯಲ್ಲಿ ಆ ದನಿ ಕೇಳಿದರೆ ಪಕ್ಕದ ಗಲ್ಲಿಗೆ ತಿರುಗುತ್ತಿದ್ದ.

“ತಗೊಳಿ, ನೀವೇ ಕೇಳಿ,” ಎಂದು ಹುಡುಗಿ ಹಾಡು ಹಾಕಿದಳು.

ಧಾಟಿ ಒಂದೇ. ಇರುವುದೇ ಏಳು ಸ್ವರ, ಇಬ್ಬರು ಒಂದೇ ದಾರಿ ಹಿಡಿಯುವುದೇನು ದೊಡ್ಡದಲ್ಲ ಎಂದು ಆತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಎರಡನೆಯ ಚರಣದ ನಟ್ಟನಡುವೆ, ಪದ ಇನ್ನೂ ಬಾಯಲ್ಲಿರುವಾಗಲೇ, ಆತ ತನ್ನ ಹಾಡು ನಿಲ್ಲಿಸುವ ಜಾಗದಲ್ಲೇ, ಹಾಡು ಗಕ್ಕನೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಂದುವರಿಯಿತು.

“ಈ ಮೌನಕ್ಕೇ ಜನ ಹುಚ್ಚಾಗಿದ್ದು. ಇದರ ಬಗ್ಗೆ ಪುಸ್ತಕಾನೇ ಬಂದಿದೆ, ಗೊತ್ತಾ?”

ಆತನಿಗೆ ನಗು ಬಂತು. “ಮೌನಾನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ ಕಣಮ್ಮಾ. ಈ ಹಾಡು ಕಟ್ಟಿದಾಗ ನನ್ನ ಗಿಟಾರ್‌ದು ತಂತಿ ಬಿಗಿಯೋ ತಿರುಪು ಸಡಿಲ ಇತ್ತು. ಅಷ್ಟು ಹೊತ್ತಿಗೆ ತಂತಿ ಇಳಿದುಬಿಡೋದು. ಹಾಡು ನಿಲ್ಸಿ ಅದನ್ನ ಬಿಗೀತಿದ್ದೆ. ಅದೇ ರೂಢಿ ಆಗೋಯ್ತು.”

ಹುಡುಗಿ ಹುಬ್ಬೇರಿಸಿದಳು. “ಅದು ಅವರಿಗೆ ಹೇಗೆ ಗೊತ್ತಾಯ್ತು? ಹೆಸರು ಬರೋಕೆ ಮುಂಚೆ ಅವರು ಬಟ್ಟೆ ಗಿರಣಿ ಹಿಂದೆ ಬಾಡಿಗೆ ಕೋಣೇಲಿದ್ರಂತೆ. ಸಾಲಿನ ಕಡೇ ಕೋಣೆ. ಎಲ್ಲಾ ಸಂದರ್ಶನದಲ್ಲೂ ಹೇಳ್ತಾರೆ.”

ಆತ ಗಿಟಾರನ್ನು ಕೆಳಗಿಟ್ಟ. ಆ ಕೋಣೆಯ ಪಕ್ಕದ್ದೇ ಆಗ ಆತನದು. ಕಡೆಯ ಬಾಗಿಲಿಗೆ ಒಮ್ಮೆ ಬೀಗ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಒಳಗಿದ್ದವನ ಮುಖವನ್ನು ಒಂದು ದಿನವೂ ಕಂಡಿರಲಿಲ್ಲ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ.

“ಅಯ್ಯೋ, ನಿಮ್ಮದನ್ನೇ ಕದ್ದಿದಾರೆ! ಕೇಸ್ ಹಾಕಿ ಯಜಮಾನ್ರೇ, ನಾನು ಬಂದು ಸಾಕ್ಷಿ ಹೇಳ್ತೀನಿ.”

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಬಂದ ದುಃಖ ಅದನ್ನು ನುಂಗಿ ನೀರು ಕುಡಿಯಿತು. ಯಾರಿಗೆಂದು ಹಾಡಲಿ ಎಂದುಕೊಂಡು, ತನ್ನ ಕೋಣೆಯಲ್ಲಿ ಎಷ್ಟು ಸಂಜೆ ಆತ ಹಾಡನ್ನು ಅರ್ಧಕ್ಕೇ ಬಿಟ್ಟು ದೀಪ ಆರಿಸಿ ಮಲಗಿದ್ದ!

“ಹಾಡು ಹೋಗ್ಲಿ ಬಿಡಮ್ಮಾ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಒಂದು ಸಲ, ಒಂದೇ ಒಂದು ಸಲ ಆ ಗೋಡೆ ತಟ್ಟಿದ್ರೆ ಅವನ ಗಂಟೇನು ಹೋಗ್ತಿತ್ತು?”