ಒಳಗಿನ ಯಂತ್ರ

ಕಸದ ಬುಟ್ಟಿಯಿಂದ ಹೆಕ್ಕಿದ, ಕಂಪ್ಯೂಟರ್ ಅಚ್ಚು ಹಾಕಿದ ಕಾಗದವನ್ನು ಗೊಲ್ಲಾಳಪ್ಪನವರು ಮೂರನೇ ಸಲ ಓದಿದರು. ಸಂಶಯವೇ ಇಲ್ಲ. ಕಾರ್ಖಾನೆಯ ಹೊಸ ಕಂಪ್ಯೂಟರಿನಲ್ಲಿ ಒಂದಲ್ಲ, ಎರಡು ಆಪರೇಟಿಂಗ್ ಸಿಸ್ಟಮ್ ಓಡುತ್ತಿದ್ದವು.

ಯಂತ್ರದ ಹೊಟ್ಟೆಯೊಳಗೆ ಹುಸಿ ಯಂತ್ರವೊಂದನ್ನು ಕಟ್ಟಿ, ಅದರಲ್ಲಿ ಬೇರೆಯದೇ ಸಿಸ್ಟಮ್ ನಡೆಸಬಹುದೆಂದು ಹೈದರಾಬಾದಿನಿಂದ ಬಂದ ಎಂಜಿನಿಯರ್ ಹೇಳಿದ್ದ. ಒಳಗಿನದಕ್ಕೆ ತಾನು ಒಳಗಿದ್ದೇನೆಂಬುದೇ ತಿಳಿಯುವುದಿಲ್ಲವಂತೆ. ಆಗ ಗೊಲ್ಲಾಳಪ್ಪನವರು ನಕ್ಕುಬಿಟ್ಟಿದ್ದರು.

ಈಗ ನಗು ಬರಲಿಲ್ಲ. ಆ ವಿದ್ಯೆ ಕಲಿತವಳು ಆಪರೇಟರ್ ಅನಸುಬಾಯಿ ಒಬ್ಬಳೇ. ಹನ್ನೆರಡು ವರ್ಷ ಅವರ ಕೈಕೆಳಗೆ, ಹಳೆಯ ಕಂಪ್ಯೂಟರಿಗೆ ಲೆಕ್ಕ ಉಣಿಸುವ ಕಾರ್ಡಿಗೆ ತೂತು ಹೊಡೆದವಳು. ಕಾಗದದ ಪ್ರಕಾರ ಆ ಕಳ್ಳ ಸಿಸ್ಟಮ್ ದಿನಾ ಹತ್ತಕ್ಕೆ ಶುರು, ಐದಕ್ಕೆ ಬಂದ್. ಅಂದರೆ ವಿಭಾಗದ ಮುಖ್ಯಸ್ಥರಾದ ತಾವು ಟರ್ಮಿನಲ್ ಮುಂದೆ ಕೂತಿರುವ ಹೊತ್ತಿನಲ್ಲೇ! ಅವಳ ಎದೆಗಾರಿಕೆ ನೆನೆದು ಮೈ ಉರಿಯಿತು.

ಅವರೇನು ಯಂತ್ರ ತಿಳಿಯದವರೇ? ಎಂಬತ್ತೈದರ ಯುಗಾದಿಗೆ ಈ ಕಂಪ್ಯೂಟರ್ ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ, ಐವತ್ತೇಳರ ಮುದುಕ ಇನ್ನೇನು ಕಲಿತಾನೆಂದು ಕ್ಯಾಂಟೀನಿನಲ್ಲಿ ಆಡಿಕೊಂಡಿದ್ದರು. ಮೂರು ದಿನ ತಿಣುಕಾಡಿದ್ದು ನಿಜ. ನಾಲ್ಕನೇ ದಿನ ಹಠಕ್ಕೆ ಬಿದ್ದು ಹಳೆಯ ಕಂಪ್ಯೂಟರಿನ ಆಜ್ಞೆಗಳನ್ನೇ ಒತ್ತಿದರು. ಯಂತ್ರ ಚಾಚೂ ತಪ್ಪದೆ ಪಾಲಿಸಿತು. ಅಂದಿನಿಂದ ಎಲ್ಲರ ಬಾಯಿ ಮುಚ್ಚಿತ್ತು. ಅನಸುಬಾಯಿ ಮಾತ್ರ ತಲೆ ತಗ್ಗಿಸಿ ನಕ್ಕಿದ್ದಳು. ಆ ನಗುವಿನ ಅರ್ಥ ಈಗ ಹೊಳೆಯಿತು ಅಂದುಕೊಂಡರು.

ಹೊರಗಿನ ಯಾರಿಗೋ ಕದ್ದು ಕೆಲಸ ಮಾಡಿಕೊಡುತ್ತಿದ್ದಾಳೆಂದು ಗೊಲ್ಲಾಳಪ್ಪನವರಿಂದ ದೂರು ಹೋಯಿತು. ಮ್ಯಾನೇಜರ್ ಶಹಾಬುದ್ದೀನ ಸಾಹೇಬರು ಸುಣ್ಣಕಲ್ಲಿನ ಧೂಳು ಮೆತ್ತಿದ ಬೂಟು ಬಾಗಿಲಲ್ಲೇ ಬಿಟ್ಟು ಕಂಪ್ಯೂಟರಿನ ತಣ್ಣನೆಯ ಕೋಣೆಗೆ ಬಂದರು. ಸರಿಯಾದ ಉತ್ತರ ಸಿಗದಿದ್ದರೆ ಸಂಜೆಗೆ ಅವಳ ನೌಕರಿ ಇಲ್ಲ ಎಂದರು.

"ಯಾರ ಕೆಲಸ ನಡೀಲಿಕತ್ತದ ಅದರಾಗ?" ಗೊಲ್ಲಾಳಪ್ಪನವರು ಅನಸುಬಾಯಿಯನ್ನು ಕೇಳಿದರು.

"ಹೆಸರು ಕೇಳಬ್ಯಾಡ್ರಿ ಸಾಹೇಬ್ರ. ಅವರ ಮರ್ಯಾದಿ ಹೋಗ್ತದ."

"ಇಲ್ಲಿ ನಿನ್ನ ನೌಕರಿ ಹೋಗ್ಲಿಕತ್ತದ."

"ಹೋಗ್ಲಿ ಬಿಡ್ರಿ. ಅವರ ಉಪಕಾರ ಭಾಳ ಅದ ನನ್ನ ಮ್ಯಾಲ."

ಉಪಕಾರವಂತೆ. ಲಂಚಕ್ಕೆ ಎಂಥ ಚಂದದ ಹೆಸರು! ಈ ಗಳಿಗೆಯಲ್ಲೇ ಆ ಸಿಸ್ಟಮ್ ಬಂದ್ ಮಾಡು ಎಂದು ಗದರಿದರು. ಮ್ಯಾನೇಜರ್ ಸಾಹೇಬರು ಒಂದು ನಿಮಿಷ ಹೊರಗೆ ನಿಲ್ಲಲಿ ಎಂದು ಅವಳು ಬೇಡಿಕೊಂಡಳು. ಗೊಲ್ಲಾಳಪ್ಪನವರು ಒಪ್ಪಲಿಲ್ಲ. ಅವಳು ಕಣ್ಣಿಗೆ ಮಣ್ಣೆರಚದಂತೆ ತಾವೇ ಪರೀಕ್ಷಿಸಿ ತೋರಿಸುವುದಾಗಿ ಹೇಳಿ ತಮ್ಮ ಟರ್ಮಿನಲ್ ಮುಂದೆ ಕೂತು, ಸಾಹೇಬರನ್ನು ಹೆಗಲ ಹಿಂದೆಯೇ ನಿಲ್ಲಿಸಿಕೊಂಡರು.

ಅನಸುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು.

ಉಳಿದ ಟರ್ಮಿನಲ್‌ಗಳೆಲ್ಲ ಎಂದಿನಂತೆ ನಡೆದಿದ್ದವು. ಪರದೆ ಕತ್ತಲಾದದ್ದು ಗೊಲ್ಲಾಳಪ್ಪನವರದೊಂದೇ.