ಮಸ್ಟಾಂಗಿನ ಕೊನೆಯ ಲೀಟರ್

ಹಳೆಯ ಕಾರುಗಳಿಗೆ ವರ್ಷಕ್ಕೆ ಒಂದೇ ಲೀಟರ್ ಪೆಟ್ರೋಲ್ ಸಿಗುತ್ತಿತ್ತು. ಈ ವರ್ಷದ್ದೇ ಕೊನೆಯದು. ಇನ್ನು ಭೂಮಿಯಲ್ಲಿ ಪೆಟ್ರೋಲೇ ಇಲ್ಲ. ತೀರಿಹೋದ ಗಂಡನ ಮಸ್ಟಾಂಗ್ ಕಾರಿನಲ್ಲಿ ಮೂರು ಕಿಲೋಮೀಟರ್ ದೂರದ ಕಡಲತೀರಕ್ಕೆ ಹೋಗಬೇಕೆಂದು ಲಿಲ್ಲಿ ಬಾಯಿ ನನ್ನ ಗ್ಯಾರೇಜಿಗೆ ಹೊಸ ಸೀರೆಯುಟ್ಟು ಬಂದಿದ್ದರು.

ಆ ಒಂದು ಲೀಟರನ್ನು ಟ್ಯಾಂಕಿಗೆ ಸುರಿದು ಸ್ಟಾರ್ಟ್ ಮಾಡಿದೆ. ಎಂಜಿನ್ ತಡವರಿಸುತ್ತಿತ್ತು. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟೆ. ಮತ್ತೆ ತಿರುಗಿಸಿದೆ. ಎಂಜಿನ್ ಓಡುತ್ತಿದ್ದಂತೆಯೇ ಅರ್ಧ ಗಂಟೆ ಕಳೆಯಿತು.

"ಸಾಕು ಮಾರಾಯ, ಹೋಗುವ. ಕೆಮ್ಮಿದ್ರೆ ಕೆಮ್ಮಲಿ, ಇದರ ಯಜಮಾನರೂ ಕೆಮ್ತಾನೇ ಓಡಿಸ್ತಿದ್ದದ್ದು."

"ಒಂದೇ ನಿಮಿಷ ಬಾಯಮ್ಮ. ದಾರಿಯಲ್ಲಿ ನಿಂತ್ರೆ ಎಂತ ಮಾಡುದು?"

ಕೊನೆಗೂ ಎಂಟೂ ಸಿಲಿಂಡರುಗಳು ಒಂದೇ ಸಮನೆ ಗುಡುಗಿದವು. ಅವರು ಹತ್ತಿ ಕೂರುವಷ್ಟರಲ್ಲಿ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು.

ಲಿಲ್ಲಿ ಬಾಯಿ ಇಳಿಯಲಿಲ್ಲ. "ತಳ್ಳು," ಎಂದರು.

ನಾನೊಬ್ಬನೇ ತಳ್ಳಿದೆ. ಕಾರು ಗ್ಯಾರೇಜಿನ ಹೊಸ್ತಿಲವರೆಗಷ್ಟೇ ಬಂದಿತು.