ಪಲ್ಸಾರ್ ತಾಳದ ರೊಟ್ಟಿ

ಮುಂಜಾನೆಯ ಎರಡನೆಯ ರೊಟ್ಟಿಗೆ ಗಂಗಾ ಹಿಟ್ಟು ಕೈಗೆತ್ತಿಕೊಂಡಿದ್ದಳು, ಅಷ್ಟರಲ್ಲಿ ಫೋನು ಬಂತು. ಪಲ್ಸಾರ್ ಎಂಬ ಗಿರಗಿರನೆ ತಿರುಗುತ್ತ ಮಿಡಿಯುವ ಆಕಾಶದ ಚುಕ್ಕಿಗಳಿಗೆ ಹಗಲಿರುಳು ಕಿವಿಗೊಡುವ ವಿಜ್ಞಾನಿ ಮೇಡಮ್ ಅವರದು. ಸಂಪಗಾಂವದ ಶಾಲೆಯ ಮಕ್ಕಳು ಅವರಿಗೆ ಒಂದೊಂದು ಪ್ರಶ್ನೆ ಕೇಳಬಹುದಿತ್ತು. ಇಂದು ಗಂಗಾಳ ಮಗಳು ಅಕ್ಷತಾಳ ಸರದಿ.

"ನಮಸ್ಕಾರ್ರೀ ಮೇಡಮ್. ಆ ಚು... ಚು..." ಹನ್ನೊಂದರ ಹುಡುಗಿಯ ಮಾತು ತರಗತಿಯಲ್ಲಿ ಸಿಕ್ಕಿಕೊಳ್ಳುವಂತೆಯೇ ಇಲ್ಲಿಯೂ ಸಿಕ್ಕಿಕೊಂಡಿತು. ಕಣ್ಣು ತುಂಬಿಕೊಂಡು ಫೋನನ್ನು ತಾಯಿಯತ್ತ ಚಾಚಿದಳು. "ನೀನ ಕೇಳಬೇ ಯವ್ವಾ."

ಗಂಗಾ ಹಿಟ್ಟು ಮೆತ್ತಿದ ಕೈ ತೋರಿಸಿ ಒಲ್ಲೆನೆಂದು ತಲೆಯಾಡಿಸಿದಳು. ವಾರದಿಂದ ಮಗಳು ಫೋನಿನಲ್ಲಿ ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದ ಆ ಚುಕ್ಕಿಯ ಸದ್ದು ಅವಳಿಗೂ ಬಾಯಿಪಾಠವಾಗಿತ್ತು. ಅದೇ ತಾಳದಲ್ಲಿ ರೊಟ್ಟಿ ಬಡಿಯತೊಡಗಿದಳು. ಟಪ್, ಟಪ್, ಟಪ್. ಅಕ್ಷತಾಳ ತಲೆ ಮೆಲ್ಲಗೆ ತೂಗಿತು. ತುಟಿ ಅಲುಗಿತು. ಗಂಗಾ ಬಡಿಯುತ್ತಲೇ ಇದ್ದಳು. ರೊಟ್ಟಿ ಮೊರದಷ್ಟು ಅಗಲವಾಯಿತು.

"ಯಾವ ಹಂಚಿನ ಮ್ಯಾಲ ಬೇಯಸ್ತೀ ಇದನ್ನ? ಓಣಿಗೆಲ್ಲ ಕೂಡಿ ಒಂದ ರೊಟ್ಟಿ ಏನ?" ಎಂದು ಅತ್ತೆ ಸೋಮವ್ವ ಬಾಗಿಲಲ್ಲಿ ನಿಂತು ಕೇಳಿದಳು. ಅಕ್ಷತಾಳಿಗೆ ಕಿಸಕ್ಕನೆ ನಗು ಬಂತು. ಆ ಕಡೆ ಮೇಡಮ್ ಕೂಡ ನಕ್ಕರು, ಫೋನು ಮಾತ್ರ ಇಡಲಿಲ್ಲ.

ಹುಡುಗಿ ನೆಟ್ಟಗೆ ಕುಳಿತು, ಅವ್ವನ ಒಂದೊಂದು ಬಡಿತಕ್ಕೂ ಒಂದೊಂದು ಮಾತು ಇಡುತ್ತ ಕೇಳಿಯೇಬಿಟ್ಟಳು: "ಚುಕ್ಕಿ ನಡುವ ಒಮ್ಮೊಮ್ಮೆ ಸುಮ್ಮನಾದ್ರ, ನೀವು ಎಷ್ಟೊತ್ತು ಕಾಯ್ತೀರಿ?"